ಹರಿಹರದ ಹಳಿ ಮತ್ತು ಸರ್ ಮಿರ್ಜಾ ಇಸ್ಮಾಯಿಲ್

ಬೆಳಿಗ್ಗೆ ಕರೂರು ಕೈಗಾರಿಕಾ ಪ್ರದೇಶದ ಕಡೆ ಬಸ್ಸಿಗಾಗಿ ನಿಂತರೆ ಎರಡು ಬಗೆಯ ಜನ ಕಾಣುತ್ತಾರೆ. ಕಾರ್ಖಾನೆ ಕೆಲಸಕ್ಕೆ ಬಂದು ಇಳಿಯುವವರು ಒಂದು ಕಡೆ, ಕಾಲೇಜಿಗೆ ಹೊರಟು ಹತ್ತುವವರು ಇನ್ನೊಂದು ಕಡೆ. ನಮ್ಮ ವಿದ್ಯಾರ್ಥಿಗಳಲ್ಲಿ ಹರಿಹರದಿಂದ ಬರುವವರಿದ್ದಾರೆ, ಸುತ್ತಲಿನ ಹಳ್ಳಿಗಳಿಂದ ಪಾಸ್ ಹಿಡಿದು ಬರುವವರಿದ್ದಾರೆ, ಅಪ್ಪನ ಸ್ಕೂಟರಿನ ಹಿಂದೆ ಕೂತು ಬರುವವರೂ ಇದ್ದಾರೆ. ತಡವಾಗಿ ಬಂದವರು ಹೇಳುವ ಕಾರಣ ಮಾತ್ರ ಹೆಚ್ಚಾಗಿ ಒಂದೇ: ಬಸ್ ಬರಲಿಲ್ಲ.

ಕೆಲವು ದಿನಗಳ ಹಿಂದೆ ತರಗತಿಯಲ್ಲಿ ಇದೇ ಮಾತು ಬಂದಾಗ, ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರೈಲು ಹಳಿಯನ್ನು ಹಾಕಿದವರು ಯಾರು ಎಂದು ಕೇಳಿದೆ. ಬ್ರಿಟಿಷರು ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಸರ್ ಮಿರ್ಜಾ ಇಸ್ಮಾಯಿಲ್ ಯಾರು ಎಂದು ಕೇಳಿದೆ. ಬೃಂದಾವನ ಗಾರ್ಡನ್ ಮಾಡಿಸಿದವರು ಎಂದು ಹಿಂದಿನ ಬೆಂಚಿನ ಒಬ್ಬ ಹುಡುಗ ಹೇಳಿದ. ಎರಡೂ ಉತ್ತರಗಳು ಅರ್ಧ ಸರಿ. ಆ ಎರಡು ಅರ್ಧಗಳನ್ನು ಸೇರಿಸಿದರೆ ನಮ್ಮ ಊರಿನ ಹಳಿಯ ಕಥೆಯೂ ಸಿಗುತ್ತದೆ, ಒಬ್ಬ ದಿವಾನರ ಜೀವನವೂ ಸಿಗುತ್ತದೆ. ಈ ಬರಹ ಅದಕ್ಕಾಗಿ.

ಮೊದಲು ಕುದುರೆಯಿಂದ ಆರಂಭಿಸಬೇಕು. ಮಿರ್ಜಾ ಅವರ ತಾತ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್ ನಗರದವರು. 1824ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಕುದುರೆಗಳ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದರು. ಆ ಕಾಲದಲ್ಲಿ ಕುದುರೆ ಎಂದರೆ ಇಂದಿನ ಕಾರು, ಬಸ್ಸು, ಅಂಚೆ ಎಲ್ಲವೂ ಹೌದು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರಿಗೆ ಕುದುರೆಗಳೆಂದರೆ ಪ್ರಾಣ. ಅಲಿ ಅಸ್ಕರ್ ಅವರಿಗೆ ಕುದುರೆ ಒದಗಿಸಿ ವಿಶ್ವಾಸ ಗಳಿಸಿದರು, ಊರಿನಲ್ಲಿ ಕಟ್ಟಡಗಳನ್ನು ಕಟ್ಟಿಸಿದರು, ಇಲ್ಲಿಯವರೇ ಆದರು. ಬೆಂಗಳೂರಿನಲ್ಲಿ ಇಂದಿಗೂ ಅಲಿ ಅಸ್ಕರ್ ರಸ್ತೆ ಇದೆ. ಅವರ ಮಗ ಆಗಾ ಜಾನ್ ಮೈಸೂರು ಮಹಾರಾಜರ ಅಂಗರಕ್ಷಕ ಅಧಿಕಾರಿಯಾದರು. ಆಗಾ ಜಾನ್ ಅವರ ಮಗ ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ.

ಅವರ ಹುಟ್ಟಿನ ಏಳು ತಿಂಗಳ ನಂತರ ಮೈಸೂರು ಅರಮನೆಯಲ್ಲಿ ಇನ್ನೊಂದು ಮಗು ಹುಟ್ಟಿತು. ಅದೇ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು. ಎಳೆಯ ರಾಜಕುಮಾರರಿಗೆ ಓದಿಸಲು ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ನೇಮಿಸಿದಾಗ, ಜೊತೆಯಲ್ಲಿ ಕೂತು ಕಲಿಯಲು ಕೆಲವು ಹುಡುಗರನ್ನು ಆರಿಸಿದರು. ಅವರಲ್ಲಿ ಮಿರ್ಜಾ ಒಬ್ಬರು. ಒಂದೇ ಪಾಠ, ಒಂದೇ ಆಟ, ಒಂದೇ ಕುದುರೆ ಸವಾರಿ. ಆ ಗೆಳೆತನ ರಾಜರ ಕೊನೆಯುಸಿರಿನವರೆಗೆ ಉಳಿಯಿತು. ನಂತರ ಮಿರ್ಜಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎ. ಪದವಿ ಪಡೆದರು. ಆಗ ಮೈಸೂರು ವಿಶ್ವವಿದ್ಯಾಲಯ ಇರಲಿಲ್ಲವಾದ್ದರಿಂದ ಪದವಿ ಕೊಟ್ಟದ್ದು ಮದ್ರಾಸ್ ವಿಶ್ವವಿದ್ಯಾಲಯ. 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಮಹಾರಾಜರ ಕಚೇರಿಗೆ ಬಂದು, ಹುಜೂರ್ ಕಾರ್ಯದರ್ಶಿಯಾಗಿ, ಖಾಸಗಿ ಕಾರ್ಯದರ್ಶಿಯಾಗಿ, 1926ರ ಮೇ ತಿಂಗಳಲ್ಲಿ ದಿವಾನರಾದರು. ಆಗ ಅವರಿಗೆ ವಯಸ್ಸು 42.

ಅವರು ದಿವಾನರಾದ ಅದೇ ವರ್ಷದ ಜುಲೈ 15ರಂದು ಮುಂಬೈ ನಗರದಲ್ಲಿ ಮೊದಲ ಮೋಟಾರು ಬಸ್ಸು ಓಡಿತು. ಮುಂಬೈಯಲ್ಲಿ ಅದಕ್ಕೂ ಮುಂಚೆ ಕುದುರೆ ಎಳೆಯುವ ಟ್ರಾಮು, ವಿದ್ಯುತ್ ಟ್ರಾಮು, 1925ರಿಂದ ವಿದ್ಯುತ್ ರೈಲು ಎಲ್ಲವೂ ಬಂದಿದ್ದವು. ಮದ್ರಾಸಿನಲ್ಲಿ 1895ರಿಂದಲೇ ವಿದ್ಯುತ್ ಟ್ರಾಮು ಇತ್ತು. ಕಲ್ಕತ್ತದ ಟ್ರಾಮು ಇನ್ನೂ ಹಳೆಯದು. ಬೆಂಗಳೂರಿನಲ್ಲಿ ಟ್ರಾಮು ಬರಲೇ ಇಲ್ಲ. ಏಷ್ಯಾದಲ್ಲೇ ಬೇಗನೆ, 1905ರಲ್ಲಿ, ವಿದ್ಯುತ್ ದೀಪ ಕಂಡ ಊರಿಗೆ ವಿದ್ಯುತ್ ಗಾಡಿ ಬರಲಿಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗ. ಜಟಕಾ, ಎತ್ತಿನ ಗಾಡಿ, ಸೈಕಲ್ಲು, ಕಾಲ್ನಡಿಗೆ, ಇವೇ ಬೆಂಗಳೂರಿಗರ ಸಾರಿಗೆ. ಅದೂ ಎರಡು ಊರುಗಳ ಬೆಂಗಳೂರು: ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷ್ ರೆಸಿಡೆಂಟರದ್ದು.

ಈಗ ನಮ್ಮ ಹಳಿಗೆ ಬರೋಣ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಸತ್ತರು. ಹೊರಗೆ ಧಾನ್ಯವಿದ್ದರೂ ಒಳನಾಡಿಗೆ ತಲುಪಿಸಲು ದಾರಿ ಇರಲಿಲ್ಲ. ಆ ಪಾಠ ಕಲಿತ ಮೈಸೂರು ಸರ್ಕಾರ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ತನ್ನ ಬೊಕ್ಕಸದಿಂದಲೇ ರೈಲು ಹಾಕಲು ಹೊರಟಿತು. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ ರೈಲು ಹೋಯಿತು. ಇನ್ನೊಂದು ದಿಕ್ಕಿನಲ್ಲಿ ತುಮಕೂರು ದಾಟಿ ಗುಬ್ಬಿಯವರೆಗೆ ಹಳಿ ಬಂದು 1884ರ ಹೊತ್ತಿಗೆ ನಿಂತಿತು. ಹಣ ಮುಗಿದಿತ್ತು. ಗುಬ್ಬಿಯಿಂದ ಹರಿಹರದವರೆಗಿನ ಭಾಗವನ್ನು ಮುಗಿಸಲು ಸದರ್ನ್ ಮರಾಠಾ ರೈಲ್ವೆ ಕಂಪನಿ ಲಂಡನ್ನಿನಲ್ಲಿ ಸಾಲ ಎತ್ತಿತು. ಅದಕ್ಕೆ ಪ್ರತಿಯಾಗಿ ಹಳಿಯನ್ನು ಆ ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. 1889ರಲ್ಲಿ ಬೆಂಗಳೂರಿನ ರೈಲು ಬೀರೂರು, ಚಿಕ್ಕಜಾಜೂರು, ದಾವಣಗೆರೆ ಹಾದು ಹರಿಹರಕ್ಕೆ ಬಂತು.

ಹರಿಹರವೇ ಏಕೆ? ಅಲ್ಲಿ ತುಂಗಭದ್ರೆ ಇದೆ. ನದಿಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಇಂದು ಹರಿಹರದ ಹುಡುಗರು ಸಂಜೆ ಸೇತುವೆಯ ಮೇಲೆ ನಡೆದುಹೋಗಿ ಬರುವಷ್ಟು ದೂರದಲ್ಲಿ ಒಂದು ಸರ್ಕಾರ ಮುಗಿದು ಇನ್ನೊಂದು ಸರ್ಕಾರ ಶುರುವಾಗುತ್ತಿತ್ತು. ಎರಡೂ ದಡದಲ್ಲಿ ಕನ್ನಡವೇ, ಎರಡೂ ದಡದಲ್ಲಿ ಅದೇ ಜೋಳ, ಅದೇ ಹತ್ತಿ, ಅದೇ ಸಂತೆ. ಕಂಪನಿಯ ರೈಲು ಮಾತ್ರ ಗಡಿಯನ್ನು ಲೆಕ್ಕಿಸದೆ ಹುಬ್ಬಳ್ಳಿಯವರೆಗೆ ಓಡುತ್ತಿತ್ತು. ಈ ಹಳಿಯಿಂದಲೇ ದಾವಣಗೆರೆ ಪೇಟೆ ಬೆಳೆಯಿತು. ಹತ್ತಿ, ಎಣ್ಣೆಕಾಳು, ಜವಳಿ ವ್ಯಾಪಾರ ಇಲ್ಲಿ ಕೂಡಿತು.

ಆದರೆ ಆ ಲಾಭದ ಹಿಂದೆ ಒಂದು ಕೊರಗು ಇತ್ತು. ಹಳಿ ಹಾದುಹೋಗುವ ನೆಲ ಮೈಸೂರಿನದು, ಆರಂಭದ ಹಣ ಮೈಸೂರಿನ ರೈತರ ಕಂದಾಯದ್ದು, ಟಿಕೆಟ್ ಕೊಳ್ಳುವವರು ಮೈಸೂರಿನ ಜನ. ಯಾವ ರೈಲು ಎಷ್ಟು ಹೊತ್ತಿಗೆ ಓಡಬೇಕು, ಒಂದು ಮಣ ಹತ್ತಿಗೆ ಎಷ್ಟು ಸಾಗಾಣಿಕೆ ದರ, ಯಾರಿಗೆ ಕೆಲಸ ಎಂಬುದನ್ನು ಮಾತ್ರ ಕಂಪನಿ ನಿರ್ಧರಿಸುತ್ತಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆದ ಮೇಲೆ ತೀರ್ಮಾನದ ಕುರ್ಚಿ ಇನ್ನೂ ದೂರ ಸರಿದು ಮದ್ರಾಸಿಗೆ ಹೋಯಿತು. ಆ ಕಾಲದ ಕಂಪನಿ ರೈಲುಗಳ ದರಪಟ್ಟಿಗಳು ಒಳನಾಡಿನ ಕಚ್ಚಾ ಸರಕು ಬಂದರಿಗೆ ಹೋಗುವುದಕ್ಕೆ ಅನುಕೂಲವಾಗಿರುತ್ತಿದ್ದವು, ಒಳನಾಡಿನಲ್ಲೇ ಕಾರ್ಖಾನೆ ಕಟ್ಟುವವನಿಗೆ ಅಲ್ಲ ಎಂಬ ದೂರು ಇಡೀ ದೇಶದಲ್ಲಿತ್ತು. ಸಂಸ್ಥಾನಗಳ ಮೂಲಕ ಹಾಯುವ ಮುಖ್ಯ ಮಾರ್ಗಗಳಲ್ಲಿ ಹಳಿಯ ಕೆಳಗಿನ ಜಮೀನಿನ ನ್ಯಾಯಾಧಿಕಾರವನ್ನೂ ಬ್ರಿಟಿಷರು ಕೇಳಿ ಪಡೆಯುತ್ತಿದ್ದರು. ಎಂದರೆ ಮೈಸೂರಿನ ಪ್ರಜೆ ತನ್ನ ರಾಜ್ಯದೊಳಗೇ ರೈಲು ಹತ್ತಿದರೆ ಬೇರೆಯವರ ಕಾನೂನಿನೊಳಗೆ ಕಾಲಿಟ್ಟಂತೆ.

ಹಳಿಗಳನ್ನು ಹಿಂದಕ್ಕೆ ಪಡೆಯುವ ಕೆಲಸ ಮಿರ್ಜಾ ಅವರಿಗಿಂತ ಮುಂಚೆಯೇ ಶುರುವಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸಂಸ್ಥಾನ ತನ್ನದೇ ರೈಲ್ವೆ ಇಲಾಖೆ ಕಟ್ಟಿ ಮೈಸೂರು–ಅರಸೀಕೆರೆಯಂಥ ಹೊಸ ಮಾರ್ಗಗಳನ್ನು ಹಾಕಿತು. 1919ರಲ್ಲಿ ಬೆಂಗಳೂರು–ಮೈಸೂರು ಮತ್ತಿತರ ಮಾರ್ಗಗಳ ಆಡಳಿತವನ್ನು ಕಂಪನಿಯಿಂದ ಬಿಡಿಸಿಕೊಂಡಿತು. ಉಳಿದದ್ದು ಎಲ್ಲಕ್ಕಿಂತ ಬೆಲೆಯುಳ್ಳ ಮಾರ್ಗ, ಬೆಂಗಳೂರು–ಹರಿಹರ. ಸಂಸ್ಥಾನದ ಬೆನ್ನೆಲುಬಿನಂತಿದ್ದ ಈ ಹಳಿಯನ್ನು ಕಂಪನಿ ಸುಲಭವಾಗಿ ಬಿಡಲಿಲ್ಲ. ಮಿರ್ಜಾ ಅವರ ದಿವಾನಗಿರಿಯ ಹನ್ನೆರಡನೆಯ ವರ್ಷದಲ್ಲಿ, 1938ರಲ್ಲಿ, ಅದು ಮೈಸೂರು ಸ್ಟೇಟ್ ರೈಲ್ವೆಯ ಆಡಳಿತಕ್ಕೆ ಬಂತು. ಹಳಿ ಹಾಕಿದ ಸುಮಾರು ಅರ್ಧ ಶತಮಾನದ ನಂತರ ದಾವಣಗೆರೆಯ ರೈಲು ಮೈಸೂರಿನದಾಯಿತು.

ಬೃಂದಾವನದಂತೆ ಇದಕ್ಕೆ ಬಣ್ಣದ ದೀಪಗಳಿಲ್ಲವಾದ್ದರಿಂದ ಯಾರಿಗೂ ನೆನಪಿಲ್ಲ. ನನ್ನ ಮಟ್ಟಿಗೆ ಇದು ಬೃಂದಾವನಕ್ಕಿಂತ ದೊಡ್ಡ ಕೆಲಸ.

ಏಕೆಂದರೆ ಮಿರ್ಜಾ ಅವರ ಕೈಗಾರಿಕೆಗಳೆಲ್ಲ ಹಳಿಯನ್ನೇ ನಂಬಿದ್ದವು. ಅವರ ಕಾಲದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, ಭದ್ರಾವತಿಯಲ್ಲಿ ಕಬ್ಬಿಣದ ಜೊತೆಗೆ ಉಕ್ಕು, ಸಿಮೆಂಟು, ಕಾಗದ ಬಂದವು, ಬೆಳಗೊಳದಲ್ಲಿ ರಸಗೊಬ್ಬರ ಬಂತು. ಕಬ್ಬು, ಅದಿರು, ಬಿದಿರು, ಸುಣ್ಣಕಲ್ಲು, ಇವನ್ನೆಲ್ಲ ಎತ್ತಿನ ಗಾಡಿಯಲ್ಲಿ ಎಷ್ಟು ದೂರ ಸಾಗಿಸುವುದು? ನಮ್ಮ ಹರಿಹರದಲ್ಲಿ 1941ರಲ್ಲಿ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದು ಈಗ ಮುಚ್ಚಿಹೋಗಿದೆ, ಆದರೆ ಹರಿಹರದ ಎಷ್ಟೋ ಮನೆಗಳಲ್ಲಿ ಕಿರ್ಲೋಸ್ಕರ್ ಎಂಬ ಹೆಸರು ಇನ್ನೂ ಅಜ್ಜನ ಸಂಬಳದ ನೆನಪು. ಪಕ್ಕದಲ್ಲಿ ನದಿ, ಊರೊಳಗೆ ರೈಲು, ಮೈಸೂರು ಸರ್ಕಾರದ ಪ್ರೋತ್ಸಾಹ, ಆಚೆ ದಡದಲ್ಲಿ ಮುಂಬೈ ಮಾರುಕಟ್ಟೆಯ ದಾರಿ. ಗಡಿಯೂರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? ಕರೂರಿನಂಥ ಇಂದಿನ ಕೈಗಾರಿಕಾ ಪ್ರದೇಶಗಳು ಆ ಗುಣಾಕಾರದ ಮುಂದಿನ ಸಾಲುಗಳು.

ಪಶ್ಚಿಮದ ಕಡೆ ಅವರ ಕಾಲದ ಕೆಲಸ ಅರ್ಧಕ್ಕೆ ನಿಂತಿತು. ಮೈಸೂರು ಸಂಸ್ಥಾನಕ್ಕೆ ಸಮುದ್ರ ತೀರ ಇರಲಿಲ್ಲ. ಭಟ್ಕಳದಲ್ಲಿ ಬಂದರು ಮಾಡಿಕೊಳ್ಳಬೇಕು, ಅಲ್ಲಿಗೆ ರೈಲು ಒಯ್ಯಬೇಕು ಎಂಬುದು ವಿಶ್ವೇಶ್ವರಯ್ಯನವರ ಕಾಲದಿಂದ ಬಂದ ಕನಸು. ಶಿವಮೊಗ್ಗದಿಂದ ಸಾಗರದ ಕಡೆಗೆ 1930ರ ದಶಕದಲ್ಲಿ ತುಂಡು ತುಂಡಾಗಿ ಹಳಿ ಬೆಳೆಯಿತು, ತಾಳಗುಪ್ಪ ತಲುಪಿತು. ಮುಂದೆ ಘಟ್ಟ, ಅದರಾಚೆ ಮುಂಬೈ ಪ್ರಾಂತ್ಯದ ಗಡಿ. ಇಂದಿಗೂ ಆ ಹಳಿ ತಾಳಗುಪ್ಪದಲ್ಲೇ ಮುಗಿಯುತ್ತದೆ. ಜೋಗ ನೋಡಲು ರೈಲಿನಲ್ಲಿ ಹೋದವರು ಆ ಕೊನೆಯನ್ನು ನೋಡಿರುತ್ತೀರಿ.

ಇನ್ನು ರಸ್ತೆಯ ಮಾತು. ಮಿರ್ಜಾ ಅವರ ದಿನಚರಿ ಅಧಿಕಾರಿಗಳಿಗೆ ಭಯ ಹುಟ್ಟಿಸುವಂಥದು. ಬೆಳಿಗ್ಗೆಯೇ ಊರು ಸುತ್ತಲು ಹೊರಡುತ್ತಿದ್ದರು. ಕಸ ತುಂಬಿದ ಚರಂಡಿ, ಮುರಿದ ಬೇಲಿ, ಬೀಳುವಂತಿರುವ ದೀಪದ ಕಂಬ, ವೃತ್ತದಲ್ಲಿ ಒಣಗಿದ ಗಿಡ, ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿದ್ದವು, ಅಂದೇ ಸಂಬಂಧಪಟ್ಟವರಿಗೆ ಚೀಟಿ ಹೋಗುತ್ತಿತ್ತು. ದಿವಾನರಿಗೆ ಹೂಕುಂಡಗಳದ್ದೇ ಚಿಂತೆ ಎಂದು ಹಂಗಿಸಿದವರೂ ಇದ್ದರು. ದಾರಿಯಲ್ಲಿ ಬಿದ್ದ ಕಲ್ಲು ಮುಳ್ಳನ್ನು ತೆಗೆಯುವುದೂ ಈಮಾನಿನ ಒಂದು ಭಾಗವೆಂದು ನಾವು ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತವರು, ಆದ್ದರಿಂದ ಆ ಹಂಗಿಸುವಿಕೆ ನನಗೆ ಅಷ್ಟು ಸರಿ ಕಾಣುವುದಿಲ್ಲ. ರಸ್ತೆ ಅರಮನೆಯ ಮುಂದೆ ಮಾತ್ರ ಚೆನ್ನಾಗಿದ್ದರೆ ಸಾಲದು, ನಡೆದು ಹೋಗುವವನಿಗೂ ಅದು ಗೌರವ ಕೊಡುವಂತಿರಬೇಕು ಎಂಬ ಹಟ ಅವರ ಆ ಚೀಟಿಗಳಲ್ಲಿತ್ತು. ಮೈಸೂರಿನ ಅಗಲ ರಸ್ತೆಗಳೂ ವೃತ್ತಗಳೂ, ಬೆಂಗಳೂರಿನ ಪುರಭವನದ ಸುತ್ತಲಿನ ಅಂದವೂ ಆ ಕಾಲದವು. 1939ರಲ್ಲಿ ಜರ್ಮನಿಯ ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಬಂದಿದ್ದ ಯೆಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅವರನ್ನು ಮೈಸೂರು ಸರ್ಕಾರ ಕೆಲಸಕ್ಕೆ ತೆಗೆದುಕೊಂಡಿತು. ಅವರೇ ಮುಂದೆ ಭುವನೇಶ್ವರ ನಗರದ ನಕ್ಷೆ ಮಾಡಿದವರು. ಮುಸ್ಲಿಂ ದಿವಾನ, ಹಿಂದೂ ರಾಜ, ಯೆಹೂದಿ ವಾಸ್ತುಶಿಲ್ಪಿ: ಆ ವರ್ಷಗಳಲ್ಲಿ ಯೂರೋಪು ಹೇಗಿತ್ತು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು.

ಬಸ್ಸುಗಳ ವಿಷಯದಲ್ಲಿ ಮಾತ್ರ ಮೈಸೂರು ಹಿಂದೆ ಬಿತ್ತು. ಒಂದನೆಯ ಮಹಾಯುದ್ಧದ ನಂತರ ದೇಶದ ತುಂಬ ಖಾಸಗಿ ಬಸ್ಸುಗಳು ಹೆಚ್ಚಿದವು. ಒಬ್ಬ ಮಾಲೀಕ, ಒಂದು ಗಾಡಿ, ಜನ ತುಂಬಿದಾಗ ಹೊರಡುವುದು, ತುಂಬದಿದ್ದರೆ ಕಾಯುವುದು. ರೈಲಿನ ಪಕ್ಕದಲ್ಲೇ ಓಡಿ ರೈಲಿನ ಪ್ರಯಾಣಿಕರನ್ನು ಎಳೆದುಕೊಳ್ಳುವುದು. ರೈಲು ಮತ್ತು ರಸ್ತೆಯ ಈ ಪೈಪೋಟಿಯನ್ನು ವಿಚಾರಿಸಲು ಭಾರತ ಸರ್ಕಾರ 1932ರಲ್ಲಿ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳನ್ನು ನೇಮಿಸಿತು. 1939ರಲ್ಲಿ ಬ್ರಿಟಿಷ್ ಭಾರತಕ್ಕೆ ಮೋಟಾರು ವಾಹನ ಕಾಯ್ದೆ ಬಂತು. ಹೈದರಾಬಾದಿನ ನಿಜಾಮರ ಸರ್ಕಾರ ಇನ್ನೊಂದು ದಾರಿ ಹಿಡಿದಿತ್ತು. 1932ರಲ್ಲೇ ಅದು ತನ್ನ ರೈಲ್ವೆಯ ಕೆಳಗೆ ರಸ್ತೆ ಸಾರಿಗೆ ವಿಭಾಗ ತೆರೆದು, 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಆರಂಭಿಸಿತು. ರೈಲೂ ಬಸ್ಸೂ ಒಂದೇ ಕೈಯಲ್ಲಿ ಇದ್ದದ್ದರಿಂದ ರೈಲು ಇಳಿದವನಿಗೆ ಬಸ್ಸು ಸಿಗುವಂತೆ ಮಾಡುವುದು ಅಲ್ಲಿ ಸುಲಭವಾಯಿತು. ಸಕ್ಕರೆ, ಸಾಬೂನು, ರೇಷ್ಮೆ ಎಲ್ಲವನ್ನೂ ಸರ್ಕಾರವೇ ಕೈಗೆತ್ತಿಕೊಂಡಿದ್ದ ಮೈಸೂರು, ಬಸ್ಸನ್ನು ಖಾಸಗಿಯವರಿಗೆ ಬಿಟ್ಟಿತು. ಬೆಂಗಳೂರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಹುಟ್ಟಿತು. ಊರಿನೊಳಗೆ ಸಂಘಟಿತ ಬಸ್ ಸೇವೆ ಅಲ್ಲಿಂದ ಶುರು. ಅದೂ ಕಂಪನಿಯೇ. ಯುದ್ಧ ಬಂದು ಪೆಟ್ರೋಲಿಗೆ ಪಡಿತರವಾದಾಗ ಬಸ್ಸುಗಳ ಹಿಂದೆ ಒಲೆ ಕಟ್ಟಿ ಇದ್ದಿಲು ಗ್ಯಾಸಿನಿಂದ ಓಡಿಸಿದರು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದ ಕಥೆಯನ್ನು ನಮ್ಮ ಹಿರಿಯರು ನಗುತ್ತಾ ಹೇಳುತ್ತಿದ್ದರು.

ಮೋಟಾರು ಕಾರ್ಖಾನೆಯ ಕಥೆಯನ್ನೂ ಇಲ್ಲೇ ಹೇಳಬೇಕು. ಬೆಂಗಳೂರಿನಲ್ಲಿ ಮೋಟಾರು ವಾಹನ ತಯಾರಿಸುವ ಕಾರ್ಖಾನೆ ತೆರೆಯಬೇಕೆಂದು ನಿವೃತ್ತ ವಿಶ್ವೇಶ್ವರಯ್ಯನವರೂ ಮುಂಬೈಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೂ ಯೋಜನೆ ಮಾಡಿದರು. ಮೈಸೂರು ಸರ್ಕಾರ ನೆರವಿಗೆ ಮನಸ್ಸು ಮಾಡಿತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. 1944ರಲ್ಲಿ ವಾಲ್‌ಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮೈಸೂರಿಗೆ ಸಿಕ್ಕಿದ್ದು ಬೇರೆ: 1940ರ ಡಿಸೆಂಬರ್‌ನಲ್ಲಿ ಅದೇ ವಾಲ್‌ಚಂದ್ ಜೊತೆ ಸೇರಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ವಿಮಾನ ಕಾರ್ಖಾನೆ ತೆರೆಯಿತು. ಜಾಗ ಕೊಟ್ಟಿದ್ದು, ಬಂಡವಾಳ ಹಾಕಿದ್ದು ಮಿರ್ಜಾ ಅವರ ಸರ್ಕಾರ. ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಆ ಕಾರ್ಖಾನೆ ಲೋಹದ ರೈಲು ಬೋಗಿಗಳನ್ನೂ ಬಸ್ಸಿನ ಕವಚಗಳನ್ನೂ ಮಾಡಿತು. ಆ ರೈಲು ಬೋಗಿ ವಿಭಾಗವೇ 1964ರಲ್ಲಿ ಹುಟ್ಟಿದ ಬಿಇಎಂಎಲ್ ಸಂಸ್ಥೆಗೆ ಹೋಯಿತು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟ ನಮ್ಮ ಮೆಟ್ರೊದ ಬೋಗಿಗಳು ಬಂದದ್ದು ಬಿಇಎಂಎಲ್‌ನಿಂದ. ಬೆಂಗಳೂರಿಗೆ ಸಿಇಟಿ ಕೌನ್ಸೆಲಿಂಗಿಗೆಂದು ಹೋಗಿ ಮೊದಲ ಸಲ ಮೆಟ್ರೊ ಹತ್ತಿದ ನಮ್ಮ ವಿದ್ಯಾರ್ಥಿಗಳಿಗೆ ಈ ಎಳೆ ಗೊತ್ತಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿ ಇನ್ನೊಂದು ಮುಖವನ್ನು ಹೇಳದಿದ್ದರೆ ಅದು ಚರಿತ್ರೆಯಾಗುವುದಿಲ್ಲ, ಅಭಿನಂದನಾ ಪತ್ರವಾಗುತ್ತದೆ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಶಾಲೆಯ ಗಣೇಶನ ವಿಗ್ರಹದ ವಿಷಯವಾಗಿ ಗಲಭೆಯಾಯಿತು. ದಿವಾನರು ಮುಸ್ಲಿಮರಾದ್ದರಿಂದ ಪಕ್ಷಪಾತ ಮಾಡಿದರೆಂಬ ಆರೋಪ ಬಂತು. ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ಕೂತಿತು. ಹುಟ್ಟಿದ ಮನೆಯ ಧರ್ಮವನ್ನು ನೋಡಿ ಒಬ್ಬನ ಕೆಲಸ ಅಳೆಯುವುದು ಎಷ್ಟು ನೋವಿನದು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮಹಾರಾಜರ ನಂಬಿಕೆ ಅಲುಗಲಿಲ್ಲ, ಮಿರ್ಜಾ ಇನ್ನೂ ಹದಿಮೂರು ವರ್ಷ ದಿವಾನರಾಗಿದ್ದರು. ಆದರೆ ಎಲ್ಲ ಟೀಕೆಯೂ ಹಾಗೆ ಅನ್ಯಾಯದ್ದಾಗಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕು, ನಾವು ಆರಿಸಿದವರು ಆಳಬೇಕು ಎಂದು ಮೈಸೂರಿನ ಕಾಂಗ್ರೆಸ್ಸಿಗರು ಕೇಳಿದಾಗ ಮಿರ್ಜಾ ಕೊಡಲು ಸಿದ್ಧರಿರಲಿಲ್ಲ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿದ ಮೇಲೆ ಧ್ವಜದ ವಿವಾದ ತಣ್ಣಗಾಯಿತು. ಸತ್ತವರು ಸತ್ತರು.

ಹರಿಹರದ ಹಳಿ ಮೈಸೂರಿಗೆ ಬಂದದ್ದೂ 1938ರಲ್ಲಿ, ವಿದುರಾಶ್ವತ್ಥದ ಗುಂಡು ಹಾರಿದ್ದೂ 1938ರಲ್ಲಿ. ಈ ಎರಡನ್ನೂ ಒಟ್ಟಿಗೆ ನೋಡದೆ ಮಿರ್ಜಾ ಅರ್ಥವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ. ರಸ್ತೆಯಲ್ಲಿ ನಡೆಯುವವನ ಕಾಲಿಗೆ ಕಲ್ಲು ತಾಗಬಾರದೆಂದು ಅಷ್ಟು ಎಚ್ಚರ ವಹಿಸಿದವರಿಗೆ, ಅದೇ ರಸ್ತೆಯಲ್ಲಿ ಬಂದು ನಿಂತು ಮಾತಾಡುವವನ ದನಿ ಕೇಳಿಸಲಿಲ್ಲ. ದಸರಾ ಹೊತ್ತಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಜಿಲ್ಲೆಗಳಿಂದ ಬಂದ ಪ್ರತಿನಿಧಿಗಳು ನಮ್ಮೂರಿಗೆ ರಸ್ತೆ, ನಮ್ಮ ಹಳ್ಳಕ್ಕೆ ಸೇತುವೆ ಎಂದು ಅಹವಾಲು ಹೇಳುತ್ತಿದ್ದರು, ದಿವಾನರು ಅಧ್ಯಕ್ಷ ಪೀಠದಿಂದ ಕೇಳುತ್ತಿದ್ದರು. ಕೇಳುವುದು, ಕೊಡುವುದು, ಅಲ್ಲಿಗೆ ಮುಗಿಯಿತು. ತೀರ್ಮಾನ ಮಾಡುವ ಅಧಿಕಾರ ಆ ಪ್ರತಿನಿಧಿಗಳಿಗೆ ಇರಲಿಲ್ಲ. ಹಳಿಯನ್ನು ಕಂಪನಿಯಿಂದ ಬಿಡಿಸಿ ಸರ್ಕಾರಕ್ಕೆ ತಂದರು, ಸರ್ಕಾರವನ್ನು ಜನರಿಗೆ ತಲುಪಿಸುವ ಕೆಲಸ ಬೇರೆಯವರಿಗೆ ಉಳಿಯಿತು.

1940ರ ಆಗಸ್ಟ್ 3ರಂದು ಕೃಷ್ಣರಾಜ ಒಡೆಯರು ತೀರಿಕೊಂಡರು. ಗೆಳೆಯನಿಲ್ಲದ ಅರಮನೆಯಲ್ಲಿ ಮಿರ್ಜಾ ಹೆಚ್ಚು ದಿನ ಇರಲಿಲ್ಲ, 1941ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಜೈಪುರದ ಮಹಾರಾಜರು ಅವರನ್ನು ಪ್ರಧಾನಮಂತ್ರಿಯಾಗಿ ಕರೆದುಕೊಂಡರು. ಅಲ್ಲಿ ಕೋಟೆ ಗೋಡೆಯ ಹೊರಗೆ ಊರನ್ನು ಬೆಳೆಸಿ ಅಗಲವಾದ ಹೊಸ ರಸ್ತೆ ಮಾಡಿಸಿದರು. 1946ರಲ್ಲಿ ಹೈದರಾಬಾದಿನ ನಿಜಾಮರು ಕರೆದರು. ಜಿನ್ನಾ ಅವರಿಗೆ ಈ ನೇಮಕ ಇಷ್ಟವಿರಲಿಲ್ಲ. ದೇಶ ಒಡೆಯುವುದನ್ನು ಮಿರ್ಜಾ ಒಪ್ಪದಿದ್ದದ್ದೇ ಅದಕ್ಕೆ ಕಾರಣ. ಭಾರತದ ಜೊತೆ ಹೊಂದಿಕೊಂಡು ಹೋಗುವುದೇ ಹೈದರಾಬಾದಿಗೆ ಒಳ್ಳೆಯದು ಎಂಬುದು ಅವರ ನಿಲುವು. ಅಲ್ಲಿನ ಇತ್ತೆಹಾದ್ ಪಕ್ಷದವರ ವಿರೋಧದಲ್ಲಿ ಅದು ನಡೆಯಲಿಲ್ಲ, ಒಂದು ವರ್ಷ ತುಂಬುವ ಮುಂಚೆಯೇ, 1947ರಲ್ಲಿ, ಬಿಟ್ಟು ಬಂದರು. ಬೆಂಗಳೂರಿನಲ್ಲಿ ಕೆಲವರು ಅವರನ್ನು ಮುಸ್ಲಿಂ ಪಕ್ಷಪಾತಿ ಎಂದಿದ್ದರು, ಹೈದರಾಬಾದಿನಲ್ಲಿ ಕೆಲವರು ಮುಸ್ಲಿಮರ ವಿರೋಧಿ ಎಂದರು. ಒಬ್ಬನೇ ಮನುಷ್ಯ.

ಅವರು ಬೆಂಗಳೂರಿನಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದಾಗ, ಅವರು ಖಾಸಗಿಯವರಿಗೆ ಬಿಟ್ಟಿದ್ದ ಬಸ್ಸುಗಳನ್ನು ಹೊಸ ಸರ್ಕಾರ ಕೈಗೆ ತೆಗೆದುಕೊಳ್ಳತೊಡಗಿತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಜನರಿಂದ ಆಯ್ಕೆಯಾದ ಸರ್ಕಾರ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. 1956ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯೂ ಸರ್ಕಾರದ್ದಾಯಿತು. ಆ ವರ್ಷದ ನವೆಂಬರ್ 1ರಂದು ತುಂಗಭದ್ರೆಯ ಮೇಲಿನ ಗಡಿ ಅಳಿಸಿಹೋಗಿ ಹರಿಹರ, ರಾಣೆಬೆನ್ನೂರು ಒಂದೇ ರಾಜ್ಯದ ಊರುಗಳಾದವು. 1961ರಲ್ಲಿ ಇಲಾಖೆ ನಿಗಮವಾಯಿತು. ಇಂದು ನಮ್ಮ ಪಾಸಿನ ಮೇಲೆ ಅಚ್ಚಾಗಿರುವ ಕೆಎಸ್‌ಆರ್‌ಟಿಸಿ ಅದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಟಿಕೆಟ್ಟಿಗೆ ಹಣ ಕೊಡದೆ ಆ ಬಸ್ಸುಗಳಲ್ಲಿ ಓಡಾಡುತ್ತಿದ್ದಾರೆ. ಓದು ನಿಲ್ಲಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಬಂದಾಗ ಬಸ್ಸಿನ ಖರ್ಚೂ ಲೆಕ್ಕಕ್ಕೆ ಬರುತ್ತದೆ ಎಂಬುದು ನಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ.

ಹಳಿಯ ಕಥೆ ಇನ್ನೂ ಬೇಗ ತಿರುಗಿತು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ, ಹಿಂದೆ ಹಳಿಯನ್ನು ಹಿಡಿದಿಟ್ಟುಕೊಂಡಿದ್ದ ಆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಮೂರೂ ಒಂದಾಗಿ ದಕ್ಷಿಣ ರೈಲ್ವೆ ಆದವು. ಅಷ್ಟು ವರ್ಷ ಕೇಳಿ ಪಡೆದ ಬೆಂಗಳೂರು–ಹರಿಹರ ಮಾರ್ಗದ ಮೇಲೆ ಮೈಸೂರಿನ ಹೆಸರು ಓಡಿದ್ದು 13 ವರ್ಷ ಮಾತ್ರ. ಕೇಂದ್ರ ಕಚೇರಿ ಮತ್ತೆ ಮದ್ರಾಸಿನಲ್ಲಿ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕಚೇರಿ ಬರಲು 2003ರವರೆಗೆ ಕಾಯಬೇಕಾಯಿತು.

ಸರ್ ಮಿರ್ಜಾ ಇಸ್ಮಾಯಿಲ್ 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಜೈಪುರದ ಆ ಅಗಲ ರಸ್ತೆಗೆ ಎಂ.ಐ. ರಸ್ತೆ ಎಂದೇ ಹೆಸರು, ಮಿರ್ಜಾ ಇಸ್ಮಾಯಿಲ್ ರಸ್ತೆ. ಮೈಸೂರಿನಲ್ಲಿ ಮಿರ್ಜಾ ರಸ್ತೆ ಇದೆ. ನಮ್ಮ ಕಡೆಯ ಹಳಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು, ಹಳೆಯ ಮೀಟರ್‌ಗೇಜಿನ ಕಂಬಿಗಳನ್ನು ಕಿತ್ತು ಒಯ್ದರು. ಹರಿಹರದ ನಿಲ್ದಾಣ ಮಾತ್ರ ಹೊಳೆಯ ಈಚೆ ಇದ್ದಲ್ಲೇ ಇದೆ. ಮುಂದಿನ ಸಲ ಅಲ್ಲಿ ರೈಲು ತಡವಾದಾಗ, ಪ್ಲಾಟ್‌ಫಾರ್ಮಿನ ಹುಬ್ಬಳ್ಳಿ ಕಡೆಯ ತುದಿಯವರೆಗೆ ಒಮ್ಮೆ ನಡೆದು ಬನ್ನಿ. ಆ ಕಡೆಯೇ ಮೈಸೂರು ಮುಗಿಯುತ್ತಿತ್ತು.